ಹೊತ್ತನ್ನು ದಾರಕ್ಕೆ ಕಟ್ಟಿದ ಗೋದಾಬಾಯಿ ಅಕ್ಕೋರು

ಮೊದಲು ನಮ್ಮ ಮನೆತನದ ವಿಷಯ ಹೇಳಿಬಿಡುತ್ತೇನೆ. ನೂಲಗೇರಿಯ ದೇಸಾಯರ ವಾಡೆ ಎಂದರೆ ಸುತ್ತಿನ ಊರುಗಳಲ್ಲಿ ಗೊತ್ತಿಲ್ಲದವರಿಲ್ಲ. ಊರ ಕೆರೆ ಕಟ್ಟಿಸಿದವರು ನಮ್ಮವರು. ನೇಕಾರರು ಮೊದಲು ಬಂದಾಗ ಮನೆ ಕಟ್ಟಲು ಜಾಗ ಬಿಟ್ಟುಕೊಟ್ಟವರು ನಮ್ಮವರು. ನಮ್ಮ ಬಾಗಿಲಿಗೆ ಬಂದ ಜಗಳ ಅಲ್ಲಿಯೇ ಬಗೆಹರಿಯುತ್ತಿತ್ತು, ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಮನೆಗೆ ನಾನು ಹಿರಿಯ ಸೊಸೆಯಾಗಿ ಬಂದವಳು. ಅದಕ್ಕೂ ಮೊದಲು ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೇರ ಇಟ್ಟು ಕೂರುವುದನ್ನೂ ಕೇಳಿದ್ದನ್ನು ಕೇಳಿದಷ್ಟೇ ಹೇಳುವುದನ್ನೂ ಅಲ್ಲಿ ಕಲಿಸಿದ್ದರು. ಈ ಶಾಲೆಗೆ ಹೊಸದಾಗಿ ಸೇರಿದ ಅಕ್ಕೋರುಗಳೇ, ನೀವೂ ನೆಟ್ಟಗೆ ಕೂತು ಕೇಳಿ. ನಡೆದದ್ದು ಯಾವುದು, ಊರು ಸೇರಿಸಿದ್ದು ಯಾವುದು ಎಂದು ಬೇರೆಬೇರೆ ಇಟ್ಟು ಹೇಳಬೇಕೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಪ್ರತಿ ಸಲವೂ ಎರಡೂ ಕಲೆಸಿಹೋಗುತ್ತವೆ.

ಬಹಳ ಹಿಂದೆ, ವರುಷ ಯಾವುದೆಂದು ಯಾರೂ ಗುರುತು ಹಾಕಿಡದ ಕಾಲದಲ್ಲಿ, ಇದೇ ಊರಿನಲ್ಲಿ ಗೋದಾಬಾಯಿ ಅಕ್ಕೋರು ಎಂಬಾಕೆ ಇದ್ದಳು. ಎಲ್ಲಿಂದ ಬಂದಳೋ ಗೊತ್ತಿಲ್ಲ. ಗಂಡನನ್ನು ಕಳಕೊಂಡು ಬಂದಳು ಎನ್ನುತ್ತಾರೆ. ಮದುವೆಯೇ ಆಗಿರಲಿಲ್ಲ ಎಂದೂ ಎನ್ನುತ್ತಾರೆ. ಬಂದವಳೇ ನಮ್ಮ ವಾಡೆಯ ಮುಂದೆ ನಿಂತು, ನೂಲು ತುಂಬಿಡುತ್ತಿದ್ದ ಹಳೆಯ ಉಗ್ರಾಣ ತನಗೆ ಬೇಕೆಂದಳಂತೆ. ಬೇಡಿದ್ದಲ್ಲ, ಕೇಳಿದ್ದು. ಆಗ ಮನೆಯ ಯಜಮಾನಿಯಾಗಿದ್ದ ತಾಯಿಸಾಹೇಬರು ಯಾತಕ್ಕೆ ಎಂದು ಕೇಳಿದರು. ಮಾತು ಬಾರದ, ಓದು ಹತ್ತದ, ಕೂರಿಸಿದಲ್ಲಿ ಕೂರದ, ಎಬ್ಬಿಸಿದರೆ ಏಳದ ಮಕ್ಕಳಿಗೆ ಶಾಲೆ ಮಾಡುತ್ತೇನೆ ಎಂದಳು. ತಾಯಿಸಾಹೇಬರು ಬೀಗದ ಕೈ ಕೊಟ್ಟರು.

ಊರಿಗೆ ಏನೂ ಅರ್ಥವಾಗಲಿಲ್ಲ. ಶಾಣ್ಯಾ ಮಕ್ಕಳಿಗೇ ಸಾಲಿ ಹತ್ತುವುದಿಲ್ಲ, ಇವಕ್ಕೆಂಥ ಸಾಲಿ ಎಂದರು. ಮಳ್ಳರ ಸಾಲಿ, ಎಂದರೆ ಪೆದ್ದರ ಶಾಲೆ, ಎಂದು ಹೆಸರಿಟ್ಟರು. ಅಕ್ಕೋರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಕೆಯ ಶಾಲೆ ಸರಕಾರದ್ದಲ್ಲ, ಮಠದ್ದಲ್ಲ, ಆಕೆಯದೇ. ಅಲ್ಲಿ ಆಕೆಯ ಕಟ್ಟಳೆಯೇ ಕಟ್ಟಳೆ. ಮಗುವನ್ನು ಬಾಗಿಲಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ತಾಯಿಯೋ ಅಜ್ಜಿಯೋ ಜೊತೆಗೆ ಕೂರಬೇಕು, ಮಗು ಏನು ಕಂಡರೆ ಹೆದರುತ್ತದೆ, ಏನು ಕೊಟ್ಟರೆ ನಗುತ್ತದೆ ಎಂದು ಅಕ್ಕೋರು ನೋಡಿ ಮುಗಿಸುವವರೆಗೆ. ಒಂದು ಮಗುವಿನ ಪಾಠ ಇನ್ನೊಂದಕ್ಕಿಲ್ಲ. ಮಗ್ಗದ ಸದ್ದಿಗೆ ಕಿರುಚುವ ಹುಡುಗನಿಗೆ ದಪ್ಪ ಗೋಡೆಯ ಹಿಂದಿನ ಕೋಣೆ. ಕುತ್ತಿಗೆ ನಿಲ್ಲದ ಮಗುವಿಗೆ ಬಡಿಗನಿಂದ ಮಾಡಿಸಿದ ಒರಗು ಕುರ್ಚಿ. ಬೆಳೆದವರಿಗೆ ಕಂಡಿಕೆಗೆ ನೂಲು ಸುತ್ತುವ ಕೆಲಸ. ಒಬ್ಬ ಹುಡುಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೊಂದನ್ನೇ ಒಂದು ಹಬ್ಬದಿಂದ ಮರುವರುಷ ಅದೇ ಹಬ್ಬದವರೆಗೆ ಕಲಿಸಿದಳು ಎನ್ನುತ್ತಾರೆ. ಅವನು ಗುಂಡಿ ಹಾಕಿಕೊಂಡ ದಿನ ಊರಿನ ಮಗ್ಗಗಳೆಲ್ಲ ತಾವೇ ನಿಂತವು ಎನ್ನುತ್ತಾರೆ. ಮಗ್ಗಗಳು ತಾವೇ ನಿಲ್ಲುವುದಿಲ್ಲ. ಆದರೆ ಹಾಗೆನ್ನುತ್ತಾರೆ.

ಆಕೆಯ ದೊಡ್ಡ ಹೆಸರು ದಾರಗಳಿಂದ ಬಂದದ್ದು. ಉಗ್ರಾಣದ ಗೋಡೆಗೆ ಗೂಟ ಬಡಿದು ಪ್ರತಿ ಮಗುವಿಗೂ ಒಂದೊಂದು ದಾರ ಇಳಿಬಿಟ್ಟಿದ್ದಳು. ಆ ದಾರಕ್ಕೆ ಆ ದಿನದ ಕೆಲಸಗಳನ್ನು ಕಟ್ಟುತ್ತಿದ್ದಳು. ತಲೆ ಬಾಚುವುದಕ್ಕೆ ಹಣಿಗೆ, ಸ್ನಾನಕ್ಕೆ ಪಂಚೆಯ ತುಂಡು, ಕೆಲಸಕ್ಕೆ ಕಂಡಿಕೆ, ಆಟಕ್ಕೆ ಲಾಳಿ, ಊಟಕ್ಕೆ ಬಟ್ಟಲು. ಮಗು ಬಂದು ಮೇಲಿನದನ್ನು ಬಿಚ್ಚಿಕೊಂಡು ಆ ಕೆಲಸಕ್ಕೆ ಹೋಗಬೇಕು, ಮುಗಿದ ಮೇಲೆ ಬುಟ್ಟಿಗೆ ಹಾಕಬೇಕು, ಮತ್ತೆ ದಾರದ ಹತ್ತಿರ ಬರಬೇಕು. ಮುಂದೇನು ಎಂದು ಕೇಳಲು ಬಾಯಿಲ್ಲದ ಮಕ್ಕಳು ಕೈಯಿಂದ ಮುಟ್ಟಿ ತಿಳಿಯುತ್ತಿದ್ದವು. ದಾರ ಬರಿದಾಯಿತೆಂದರೆ ದಿನ ಮುಗಿಯಿತು, ಮನೆಗೆ. ಹೀಗೆ ಮಾಡಿದ ಮೇಲೆ ಅಳು ನಿಂತಿತು, ಕಚ್ಚುವುದು ನಿಂತಿತು. ಅಕ್ಕೋರು ಹೊತ್ತನ್ನೇ ದಾರಕ್ಕೆ ಕಟ್ಟಿಹಾಕಿದ್ದಾಳೆ ಎಂದು ಊರು ಬೆರಗಾಯಿತು. ಮಾಟವೋ ವಿದ್ಯೆಯೋ ತಿಳಿಯದೆ ಕೆಲವರು ಕೈಮುಗಿದರು, ಕೆಲವರು ಬಾಗಿಲು ದಾಟುವಾಗ ಉಗುಳಿದರು. ಕೈಮುಗಿದವರೂ ಉಗುಳಿದವರೂ ಒಂದೇ ಮನೆಯವರು ಎನ್ನುತ್ತಾರೆ.

ಆ ಶಾಲೆಯಲ್ಲಿ ಫಕೀರವ್ವ ಎಂಬ ಹುಡುಗಿ ಇದ್ದಳು. ಹಳ್ಳದಾಚೆಯ ಊರಿನಿಂದ ಅವಳ ಸೋದರಮಾವ ಚಕ್ಕಡಿಯಲ್ಲಿ ತಂದು, ಕಟ್ಟಳೆ ಕೇಳದೆ ಬಾಗಿಲಲ್ಲೇ ಬಿಟ್ಟುಹೋದವನು ಮತ್ತೆ ಬರಲಿಲ್ಲ. ಅವಳಿಗೆ ಶಾಲೆಯೇ ಮನೆ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ; ಜನ ಕೂಗಾಡಿದರೆ ಕಿವಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದಳು. ಬಟ್ಟಲೊಂದನ್ನು ಮಾತ್ರ ಎಷ್ಟು ದೂರದಿಂದಲೂ ಗುರುತು ಹಿಡಿಯುತ್ತಿದ್ದಳು. ಅಕ್ಕೋರು ಅವಳ ದಾರವನ್ನು ಎಂದೂ ಬರಿದಾಗಲು ಬಿಡುತ್ತಿರಲಿಲ್ಲ. ಬಟ್ಟಲು ಇಳಿದರೆ ಮಲಗುವುದಕ್ಕೆ ಕೌದಿಯ ಚೂರು, ಕೌದಿ ಇಳಿದರೆ ಮತ್ತೆ ಹಣಿಗೆ.

ಖಂಡೇನವಮಿ ಬಂತು. ನೇಕಾರರಿಗೆ ಅದಕ್ಕಿಂತ ದೊಡ್ಡ ದಿನವಿಲ್ಲ. ಲಾಳಿ, ಕಂಡಿಕೆ, ಕತ್ತರಿ, ದುಡಿದು ಉಣ್ಣುವ ಸಾಮಾನು ಎಲ್ಲವನ್ನೂ ತೊಳೆದು ದೇವಿಯ ಮುಂದಿಟ್ಟು ಪೂಜೆ ಮಾಡುತ್ತಾರೆ. ಇಟ್ಟ ಮೇಲೆ ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅಕ್ಕೋರು ಶಾಲೆಗೆ ಅಂದು ಸೂಟಿ ಕೊಟ್ಟಿರಲಿಲ್ಲ. ಹಬ್ಬ ಯಾವುದು, ಬರೇ ದಿನ ಯಾವುದು ಎಂದು ತಿಳಿಯದ ಮಕ್ಕಳಿಗೆ ಸೂಟಿ ಎಂದರೆ ದಿಕ್ಕು ತಪ್ಪುವುದು ಎನ್ನುತ್ತಿದ್ದಳು.

ಅದೇ ಶಾಲೆಯ ಒಂದು ಮಗುವಿನ ತಾಯಿ ಶಾವಂತ್ರೆವ್ವ. ಮಗ ಅನ್ನ ಬೇಡಲು ಕಲಿತನೆಂದು ಅಕ್ಕೋರನ್ನು ದೇವರೆಂದು ಕಂಡವಳು. ಅವಳಿಗೆ ಬೆಳಗ್ಗೆ ಒಂದು ವಿಚಾರ ಬಂತು. ನಮ್ಮ ಮಗ್ಗದ ಸಾಮಾನಿಗೆಲ್ಲ ಪೂಜೆಯಾಗುತ್ತದೆ. ನಮ್ಮ ಮಕ್ಕಳೂ ದುಡಿಯುತ್ತಾರೆ, ಅವರ ಸಾಮಾನಿಗೆ ಯಾರು ಪೂಜೆ ಮಾಡಬೇಕು? ಓಣಿಯ ಹೆಂಗಸರನ್ನು ಕರಕೊಂಡು ಬಂದಳು. ಅಕ್ಕೋರು ಹಿತ್ತಲಲ್ಲಿ ಕುತ್ತಿಗೆ ನಿಲ್ಲದ ಮಗುವಿಗೆ ನೀರು ಹಾಕುತ್ತಿದ್ದಳು. ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಒಂದೊಂದು ದಾರದಿಂದ ಒಂದೊಂದನ್ನೇ ಬಿಚ್ಚಿ, ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಹಾಕಿಕೊಂಡು ಹೋದರು. ಮನಸ್ಸಿನಲ್ಲಿ ಒಂದಿಷ್ಟೂ ಕೆಟ್ಟದ್ದಿರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಮಕ್ಕಳು ಅಂಗಳದಿಂದ ಬಂದರು. ದಾರ ಮುಟ್ಟಿದರು. ಎಲ್ಲ ಬರಿದು. ಬರಿದಾದರೆ ಮನೆಗೆ. ಎಲ್ಲರೂ ಮನೆಗೆ ಹೋದರು.

ಮನೆಗಳಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಅಕ್ಕೋರು ಕಡೆಗೂ ಸೂಟಿ ಬಿಟ್ಟಳು ಎಂದು ಒಳಗೆ ಕರಕೊಂಡರು. ಅಕ್ಕೋರು ಹಿತ್ತಲಿಂದ ಒಳಗೆ ಬಂದರೆ ಗೋಡೆ ತುಂಬ ಬರೀ ದಾರ, ಒಂದು ಮಗುವಿಲ್ಲ. ತೋಯ್ದ ಮಗುವನ್ನು ಎತ್ತಿಕೊಂಡೇ ಮನೆಮನೆ ತಿರುಗಿದಳು. ಎಲ್ಲ ಮಕ್ಕಳೂ ಸಿಕ್ಕವು. ಫಕೀರವ್ವ ಸಿಗಲಿಲ್ಲ.

ಬರಿದಾದ ದಾರ ಅವಳಿಗೆ ಏನು ಹೇಳಿತೋ! ಮರೆತ ಊರಿನ ಕಡೆ ಹೊರಟಳು ಎನ್ನುತ್ತಾರೆ ಕೆಲವರು. ಬಟ್ಟಲು ಹುಡುಕಿ ಹೊರಟಳು ಎನ್ನುತ್ತಾರೆ ಕೆಲವರು. ಏನೂ ತೋಚದೆ ಸುಮ್ಮನೆ ನಡೆದಳು ಎನ್ನುತ್ತಾರೆ. ಯಾವುದೆಂದು ನನಗೂ ತಿಳಿಯದು.

ಹಳ್ಳದ ನಡುಬಂಡೆಯ ಮೇಲೆ ಒಂದು ಹುಡುಗಿ ನಿಂತಿದ್ದಾಳೆ ಎಂದು ಕುರುಬನೊಬ್ಬ ಓಡಿಬಂದು ಹೇಳಿದ. ಮೇಲೆಲ್ಲೋ ಮಳೆಯಾಗಿ ಕೆಂಪು ನೀರು ಏರುತ್ತಿತ್ತು. ಊರೆಲ್ಲ ದಡಕ್ಕೆ ಬಂತು. ಬಾರವ್ವಾ, ಈಚೆ ಬಾರವ್ವಾ ಎಂದು ಕೂಗಿದರು. ಅವರು ಕೂಗಿದಷ್ಟೂ ಅವಳು ಕಿವಿ ಮುಚ್ಚಿಕೊಂಡು ಹಿಂದೆ ಸರಿದಳು. ಹಿಂದೆ ಬಂಡೆ ಮುಗಿಯುತ್ತಿತ್ತು. ಗಂಡಸರು ನೀರಿಗಿಳಿಯಲು ಹೋದರೆ ಅಕ್ಕೋರು ಅಡ್ಡ ನಿಂತಳು. ಬಾಯಿ ಮುಚ್ಚಿ ಎಂದಳು. ಊರಿಗೆ ಊರೇ ಬಾಯಿ ಮುಚ್ಚಿತು. ಫಕೀರವ್ವನ ಬಟ್ಟಲು ಎಲ್ಲಿ ಎಂದು ಕೇಳಿದಳು.

ದೇವಿಯ ಮುಂದಿದೆ ಎಂದಳು ಶಾವಂತ್ರೆವ್ವ, ಮತ್ತು ಓಡಿದಳು.

ಗುಡಿಯಲ್ಲಿ ನೇಕಾರರ ಹಿರಿಯ ಈರಬಸಪ್ಪ ಕೂತಿದ್ದ. ಕುಂಕುಮ ಬಿದ್ದ ಸಾಮಾನು ಇವತ್ತು ಮುಟ್ಟುವಂತಿಲ್ಲ ಎಂದ.

“ಹುಡುಗಿ ಹಳ್ಳದಾಗ ನಿಂತಾಳರೀ ಯಜ್ಜಾ!”

“ಬ್ಯಾರೆ ಬಟ್ಟಲ ಒಯ್ಯ. ನಮ್ಮನಿಯಿಂದ ಒಯ್ಯ, ಬೆಳ್ಳೀದು ಐತಿ.”

“ಆಕಿಗೆ ಬೆಳ್ಳಿ ಏನ ಗೊತ್ತರೀ? ಆಕಿ ಬಟ್ಟಲಾನ ಬೇಕು.”

“ದೇವಿ ಮುಂದ ಇಟ್ಟಿದ್ದು ದೇವಿದು, ತಂಗಿ. ನೀನ ಇಟ್ಟೀದಿ.”

ಅವಳೇ ಇಟ್ಟದ್ದು, ನಿಜ. ಮುಟ್ಟಿದರೆ ತನ್ನ ಮಗನಿಗೆ ಏನಾದೀತೋ, ಮುಟ್ಟದಿದ್ದರೆ ಆ ಹುಡುಗಿಗೆ ಏನಾದೀತೋ. ಮುಂದೆ ನಡೆದದ್ದನ್ನು ಊರು ಮೂರು ರೀತಿ ಹೇಳುತ್ತದೆ. ತಾಯಿಸಾಹೇಬರು ಹಿಂದಿನಿಂದ ಬಂದು, ಎತ್ತಿಕೊ, ದೇವಿಗೆ ಉತ್ತರ ನಾನು ಕೊಡುತ್ತೇನೆ ಎಂದರು ಎಂಬುದು ನಮ್ಮ ವಾಡೆಯ ಮಾತು. ಶಾವಂತ್ರೆವ್ವ ಯಾರನ್ನೂ ಕೇಳದೆ ಎತ್ತಿಕೊಂಡಳು ಎಂಬುದು ನೇಕಾರ ಓಣಿಯ ಮಾತು. ಈರಬಸಪ್ಪನೇ ಗೋಡೆಯ ಕಡೆ ಮುಖ ತಿರುಗಿಸಿ ಕೂತ, ಅದೇ ಅಪ್ಪಣೆ ಎಂಬುದು ಅವನ ಮನೆಯವರ ಮಾತು. ಎಲ್ಲ ಮನೆಗೂ ಹೋಗಿ ವಿಚಾರಿಸಿದವಳು ನಾನು. ಪ್ರತಿ ಮನೆಯಲ್ಲೂ ಚಹಾ ಕೊಟ್ಟು, ಉಳಿದವರು ಹೇಳುವುದು ಸುಳ್ಳು ಎಂದರು. ಬಟ್ಟಲು ಹಳ್ಳಕ್ಕೆ ಬಂತು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಅಕ್ಕೋರು ಮೊಣಕಾಲು ನೀರಿಗಿಳಿದು ಬಟ್ಟಲು ಎತ್ತಿ ತೋರಿಸಿದಳು. ಫಕೀರವ್ವ ನೋಡಿದಳು, ಗುರುತು ಹತ್ತಲಿಲ್ಲ. ಬಟ್ಟಲ ತುಂಬ ಕುಂಕುಮ, ಕಂಠಕ್ಕೆ ಸೇವಂತಿಗೆ. ಅಕ್ಕೋರು ಅದನ್ನು ಹಳ್ಳದ ನೀರಿನಲ್ಲಿ ಅದ್ದಿ ತಿಕ್ಕಿ ತೊಳೆದಳು. ದಡದಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ತೊಳೆದ ಬಟ್ಟಲನ್ನು ಉಗುರಿನಿಂದ, ದಿನಾ ಊಟದ ಹೊತ್ತಿಗೆ ಮಾಡುವಂತೆ, ಟಿಣ್ ಎನಿಸಿದಳು. ಫಕೀರವ್ವ ಕಿವಿಯಿಂದ ಕೈ ತೆಗೆದಳು. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ, ಆತುರವಿಲ್ಲದೆ, ಅಡಿಗೆಮನೆಗೆ ಬರುವಂತೆ ಬಂದಳು. ಬಂದವಳು ಬಟ್ಟಲು ಇಸಿದುಕೊಂಡು ದಡದಲ್ಲಿ ಚಕ್ಕಳಮಕ್ಕಳ ಕೂತಳು. ಅನ್ನಕ್ಕೆ ಕಾದಳು.

ಅನ್ನ ಎಲ್ಲಿತ್ತು ಅಲ್ಲಿ? ಬಟ್ಟಲು ಎಂದರೆ ಊಟ. ಬಟ್ಟಲು ಕೊಟ್ಟು ಊಟ ಕೊಡದಿದ್ದರೆ ನಾಳೆಯಿಂದ ಈ ಹುಡುಗಿ ಯಾವ ದಾರ ನಂಬಬೇಕು ಎಂದಳಂತೆ ಅಕ್ಕೋರು. ಹತ್ತಿರದಲ್ಲಿ ಇದ್ದದ್ದು ದೇವಿಗೆಂದು ಮಾಡಿ ಇನ್ನೂ ಎಡೆ ಹಿಡಿಯದ ಹೋಳಿಗೆ. ಅದೇ ಬಂತು. ದೇವಿಗಿಂತ ಮೊದಲು ಫಕೀರವ್ವ ಉಂಡಳು. ಹೋಳಿಗೆಯ ಹಿಂದೆಯೇ ದಡಕ್ಕೆ ಬಂದ ಈರಬಸಪ್ಪ ತಲೆಯ ಮೇಲೆ ಕೈಹೊತ್ತು ಅಲ್ಲೇ ಮಣ್ಣಿನ ಮೇಲೆ ಕೂತ. ಅವಳು ತಿಂದು ಮುಗಿಸಿ ಬೆರಳು ನೆಕ್ಕಿದ ಮೇಲೆಯೇ ಹಳ್ಳ ಉಕ್ಕಿ ಬಂತು, ಅಲ್ಲಿಯವರೆಗೆ ನೀರು ಕಾದು ನಿಂತಿತ್ತು ಎನ್ನುತ್ತಾರೆ.

ಸಂಜೆ ಊರು ಶಾಲೆಯ ಮುಂದೆ ಸೇರಿತು. ಕುಂಕುಮ ತೊಳೆದದ್ದಕ್ಕೆ ಅಕ್ಕೋರು ದೇವಿಯ ಮುಂದೆ ತಪ್ಪುಕಾಣಿಕೆ ಇಡುತ್ತಾಳೆ ಎಂದುಕೊಂಡಿದ್ದರು. ಆಕೆ ಹೊರಗೆ ಬಂದು, ನೀವೆಲ್ಲ ಈ ಮಕ್ಕಳ ಕ್ಷಮೆ ಕೇಳಬೇಕು ಎಂದಳು. ಯಾರಿಗೂ ತಲೆಬುಡ ತಿಳಿಯಲಿಲ್ಲ.

“ನಾವೇನ ಕಳುವು ಮಾಡಿಲ್ಲರೀ ಅಕ್ಕೋರ, ಪೂಜಾ ಮಾಡೀವಿ,” ಎಂದಳು ಶಾವಂತ್ರೆವ್ವ. ಅಳುತ್ತಿದ್ದಳು.

“ಕೇಳದ ತಗೊಂಡ್ರಿ.”

“ಕೇಳಿದ್ರ ಅವಕ್ಕ ತಿಳೀತಿತ್ತೇನ್ರೀ?”

“ತಿಳಿಸೋದು ನನ್ನ ಕೆಲಸ. ಕೇಳೋದು ನಿಮ್ಮ ಕೆಲಸ.”

ಗುಂಪಿನ ಹಿಂದಿನಿಂದ ಯಾವನೋ, ಮಳ್ಳರ ಮುಂದ ಕೈಮುಗಿದು ನಾವೂ ಮಳ್ಳರಾಗೂಣೇನು ಎಂದು ನಕ್ಕ. ಅಕ್ಕೋರು ಅವನ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತೇ ಇದ್ದಳು. ಕಡೆಗೆ ಶಾವಂತ್ರೆವ್ವ ಒಳಗೆ ಹೋಗಿ, ಫಕೀರವ್ವನ ಮುಂದೆ ಕೂತು, ಬಟ್ಟಲು ಕೇಳುವವಳಂತೆ ಬರಿಗೈ ಚಾಚಿದಳು. ಫಕೀರವ್ವ ಆ ಕೈಯನ್ನು ನೋಡಿದಳು, ಬಟ್ಟಲು ನೋಡಿದಳು, ಬಟ್ಟಲನ್ನು ಎದೆಗೆ ಅವಚಿಕೊಂಡಳು. ಕೊಡಲಿಲ್ಲ. ಶಾವಂತ್ರೆವ್ವ ಕೈ ಹಿಂದೆ ತೆಗೆದುಕೊಂಡು, ಆಗಲಿ ನಮ್ಮವ್ವ ಎಂದಳು. ಅವಳ ಹಿಂದೆ ಉಳಿದ ಹೆಂಗಸರು, ಅವರ ಹಿಂದೆ ಗಂಡಸರು ಒಳಗೆ ಬಂದರು. ಈರಬಸಪ್ಪ ಬಂದನೋ ಇಲ್ಲವೋ ಎಂಬುದಕ್ಕೆ ಇವತ್ತಿಗೂ ಜಗಳವಿದೆ. ಮರುದಿನ ಎಲ್ಲ ಸಾಮಾನು ದಾರಗಳಿಗೆ ಮರಳಿತು. ಕಟ್ಟಿದವರು ಬಿಚ್ಚಿದವರೇ.

ಅಕ್ಕೋರು ಎಲ್ಲಿ ಹೋದಳು, ಹೇಗೆ ತೀರಿಕೊಂಡಳು ಎಂದು ಸರಿಯಾಗಿ ಹೇಳುವವರಿಲ್ಲ. ಶಾಲೆ ಉಳಿಯಿತು, ಗೋಡೆಯ ದಾರಗಳೂ ಉಳಿದವು. ಮಳ್ಳರ ಸಾಲಿ ಎಂಬ ಮಾತು ಊರಿನ ಬಾಯಿಂದ ಹೋಯಿತು, ಅಕ್ಕೋರ ಸಾಲಿ ಎಂದಾಯಿತು. ಇಂದಿಗೂ ಖಂಡೇನವಮಿಯ ಬೆಳಗ್ಗೆ ನೇಕಾರರು ಗುಡಿಗೆ ಹೋಗುವ ಮೊದಲು ಇಲ್ಲಿಗೆ ಬರುತ್ತಾರೆ. ಮಗುವಿನ ಮುಂದೆ ಕೂತು ಬರಿಗೈ ಚಾಚುತ್ತಾರೆ. ಮಗು ಏನಾದರೂ ಇಟ್ಟರೆ ಪೂಜೆಗೆ ಒಯ್ಯುತ್ತಾರೆ. ಇಡದಿದ್ದರೆ ಆಗಲಿ ನಮ್ಮವ್ವ, ಆಗಲಿ ನಮ್ಮಪ್ಪ ಎಂದು ಬರಿಗೈಯಲ್ಲಿ ಏಳುತ್ತಾರೆ. ದೇವಿಯ ಎಡೆಗಿಂತ ಮೊದಲು ಒಂದು ಹೋಳಿಗೆ ಈ ಅಡಿಗೆಮನೆಗೆ ಬರುತ್ತದೆ. ಯಾಕೆಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ. ತರುವುದನ್ನು ಬಿಟ್ಟಿಲ್ಲ.

ಮೊನ್ನೆ ನಮ್ಮ ಮೈದುನನ ಮಗ ಜಯದೇವ, ಈಗ ಈ ಶಾಲೆಯ ಕಮಿಟಿಯಲ್ಲಿ ಇರುವವನು, ಅತಿಥಿಗಳು ಬರುತ್ತಾರೆಂದು ಸುಣ್ಣ ಹೊಡೆಸಲು ಎಲ್ಲ ದಾರಗಳನ್ನೂ ಬಿಚ್ಚಿ ಒಂದು ಡಬ್ಬಿಗೆ ತುಂಬಿಸಿದ. ದಿನವೆಲ್ಲ ಮಕ್ಕಳು ಬರೀ ಗೋಡೆ ತಡವುತ್ತಿದ್ದವು. ಒಂದು ಹುಡುಗಿ ತನ್ನ ಕೈ ತಾನೇ ರಕ್ತ ಬರುವಂತೆ ಕಚ್ಚಿಕೊಂಡಳು. ನಾನು ಕೇಳಿದ್ದಕ್ಕೆ, ನಾಳೆ ಮತ್ತೆ ಕಟ್ಟಿದರಾಯ್ತು ಕಾಕು, ಅವಕ್ಕೇನು ತಿಳಿಯುತ್ತದೆ ಎಂದ.

ಜಯದೇವ ಈ ಶಾಲೆಗೆ ಬರಬೇಕು. ಆ ಹುಡುಗಿಯ ಮುಂದೆ ನೆಲದ ಮೇಲೆ ಕೂರಬೇಕು. ಕ್ಷಮೆ ಕೇಳಬೇಕು.