ಕಾರ್ಯದರ್ಶಿಗಳ ಶೈಲಿ

ಸಹಕಾರ ಸಂಘದ ಕಾರ್ಯದರ್ಶಿಗಳು ತಮ್ಮ ಭಾಷಣವನ್ನು ಕಂಪ್ಯೂಟರಿನಲ್ಲಿ ಎಲ್ಲೋ ಇಟ್ಟು, ಜಾಗವನ್ನೂ ಹೆಸರನ್ನೂ ಮರೆತರು. "ಸಭೆ ಶುರುವಾಗೋದ್ರೊಳಗೆ ಹುಡುಕಿಕೊಡಮ್ಮ. ಇಲ್ದಿದ್ರೆ ನಿನ್ನನ್ನ ಗೊಬ್ಬರದ ಗೋದಾಮಿಗೆ ಹಾಕ್ತೀನಿ" ಅಂದರು.

ಗುಮಾಸ್ತೆ ವೇದಾವತಿಗೆ ಇದೇನು ಹೊಸದೇ? ನಿಟ್ಟುಸಿರಿಟ್ಟು ಕಂಪ್ಯೂಟರಿಗೆ ಆಜ್ಞೆ ಬರೆದುಕೊಡುವ ಲಿನಕ್ಸಿನ ಕಪ್ಪು ಪರದೆ ತೆರೆದಳು. ಎಲ್ಲ ಫೈಲುಗಳ ಹೊಟ್ಟೆಯೊಳಗೂ ಒಂದು ಪದ ಹುಡುಕೆಂದು 'ಗ್ರೆಪ್' ಆಜ್ಞೆ ಕೊಟ್ಟಳು. ಆ ಪದ 'ಅದ್ಯಕ್ಷರು'. ಧ ಬರಬೇಕಾದಲ್ಲಿ ದ ಬರೆಯುವವರು ಇಡೀ ಸಂಘದಲ್ಲಿ ಕಾರ್ಯದರ್ಶಿಗಳೊಬ್ಬರೇ ನೋಡಿ. ಅವರ ಫೈಲುಗಳಷ್ಟೇ ಎದ್ದು ಬಂದವು. ನಡುವೆ ಭಾಷಣವೂ ಇತ್ತು.

"ಇಷ್ಟು ಬೇಗ ಹೆಂಗಮ್ಮ ಸಿಕ್ತು?"

"ನಿಮ್ಮ ಶೈಲಿ ಬೇರೆ ಯಾರಿಗೂ ಬರಲ್ಲ ಸಾರ್. ಅದನ್ನೇ ಹಿಡ್ಕೊಂಡು ಹೋದೆ."

ಅವರು ಉಬ್ಬಿಹೋದರು. "ಹಂಗಾದ್ರೆ ನಾಳೆಯಿಂದ ಎಲ್ಲರೂ ನನ್ನ ಶೈಲೀಲೇ ಬರೀಲಿ."

"ಬೇಡ ಸಾರ್," ಅಂದಳು ವೇದಾವತಿ, ಸುಸ್ತಾದ ದನಿಯಲ್ಲಿ. "ಆಮೇಲೆ ನಿಮ್ಮದು ಸಿಗೋದೇ ಇಲ್ಲ."