ಎರಡನೆಯ ತಮ್ಮ

"ಗುರುಗಳೇ, ಒಂದು ಸಂದೇಹ," ಎಂದ ಮರುಳಸಿದ್ಧ. "ಮೊಬೈಲಿನಲ್ಲಿ ಒಂದು ಆಟ ಬಂದಿದೆ. ಹುಟ್ಟಿದ ದಿನ, ಊರು, ತಾಯಿಯ ಹೆಸರು, ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ ಹೆಸರು, ಇಷ್ಟನ್ನು ತುಂಬಿದರೆ ಹಿಂದಿನ ಜನ್ಮದಲ್ಲಿ ನಾವು ಏನಾಗಿದ್ದೆವು ಎಂದು ಹೇಳುತ್ತದೆ. ನನಗೂ ಕುತೂಹಲ. ಆದರೆ ಕೆಲವರು ತುಂಬಬೇಡ ಎನ್ನುತ್ತಾರೆ. ಪಾಸ್‌ವರ್ಡನ್ನು ನಾನು ಯಾರಿಗೂ ಕೊಡುವವನಲ್ಲ. ಇಂಥ ಸಣ್ಣಪುಟ್ಟ ಸಂಗತಿಗಳಲ್ಲಿ ಬಚ್ಚಿಡುವಂಥದ್ದು ಏನಿದೆ?"

ಗುರುಗಳು ಅದಕ್ಕೆ ಉತ್ತರವಾಗಿ ಈ ಕತೆಯನ್ನು ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ಒಂದು ವರ್ಷ ಹೊಳೆ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಯಿತು. ತಂದೆ ತಾಯಿ ಉಳಿಯಲಿಲ್ಲ. ಅಕ್ಕ ಹೊನ್ನವ್ವನನ್ನು ನೇಕಾರರ ಮನೆಯವರು ಮೂಡಲ ಸೀಮೆಗೆ ಕರೆದೊಯ್ದು ಸಾಕಿದರು. ತಮ್ಮ ಬೊಮ್ಮಯ್ಯನನ್ನು ಉಪ್ಪಿನ ವ್ಯಾಪಾರಿಯೊಬ್ಬ ತನ್ನ ಎತ್ತಿನ ಮೇಲೆ ಕೂರಿಸಿಕೊಂಡು ಕಡಲ ಕಡೆಗೆ ಹೋದ. ಆಗ ಅವನಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ.

ಬೊಮ್ಮಯ್ಯ ಉಪ್ಪಿನ ಮೂಟೆಗಳ ನಡುವೆ ಬೆಳೆದು ದೊಡ್ಡವನಾದ. ಅಕ್ಕ ಬದುಕಿದ್ದಾಳೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಒಂದು ದಿನ ಸೀರೆ ಮಾರುವವನೊಬ್ಬ ಬಂದರಿಗೆ ಬಂದ. ಮಾತಿಗೆ ಮಾತು ಬಂದು, ನೆರೆಯಲ್ಲಿ ತಮ್ಮನನ್ನು ಕಳೆದುಕೊಂಡ ಹೊನ್ನವ್ವನೆಂಬ ಹೆಂಗಸು ಮೂಡಲ ಸೀಮೆಯ ನೇಕಾರರ ಕೇರಿಯಲ್ಲಿ ಇದ್ದಾಳೆ ಎಂದ. ಬೊಮ್ಮಯ್ಯ ಅಂದೇ ಬುತ್ತಿ ಕಟ್ಟಿಕೊಂಡು ಹೊರಟ.

ದಾರಿಯಲ್ಲಿ ಅವನಿಗೆ ಒಬ್ಬ ಜೊತೆಗಾರ ಸಿಕ್ಕಿದ. ಒಳ್ಳೆಯ ಮಾತುಗಾರ. ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಕೇಳುಗ. ಎಲ್ಲಿಗೆ ಪಯಣ ಎಂದು ಕೇಳಿದ. ಬೊಮ್ಮಯ್ಯ ಹೇಳಿದ. ಮರದ ನೆರಳಿನಲ್ಲಿ ಕೂತಾಗ, ಅಕ್ಕ ನಿನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಕೇಳಿದ. ಗುಬ್ಬಿ ಎಂದು ಕರೆಯುತ್ತಿದ್ದಳು ಎಂದು ಬೊಮ್ಮಯ್ಯ ನಕ್ಕ. ಹಳ್ಳ ದಾಟುವಾಗ ತಾಯಿಯ ಹೆಸರು ಬಂತು. ಬುತ್ತಿ ಬಿಚ್ಚಿದಾಗ, ಅವಳು ಹಬ್ಬಕ್ಕೆ ಮಾಡುತ್ತಿದ್ದ ಹೂರಣದ ಮಾತು ಬಂತು. ಮನೆಯ ಹಸುವಿನ ಹೆಸರು, ನೆರೆ ಬಂದಾಗ ಇಬ್ಬರೂ ಹತ್ತಿ ಕೂತ ಹುಣಸೆಮರ, ಆ ಮರದ ಮೇಲೆ ಅಕ್ಕ ತನ್ನ ಸೆರಗಿನಿಂದ ಅವನನ್ನು ಕೊಂಬೆಗೆ ಕಟ್ಟಿದ್ದು, ಎಲ್ಲವೂ ಒಂದೊಂದಾಗಿ ಬಂದವು.

ಉಪ್ಪಿನವರು ಅವನಿಗೆ ಅನ್ನ ಹಾಕಿದ್ದರು, ಕೆಲಸ ಕಲಿಸಿದ್ದರು. ಆದರೆ ಚಿಕ್ಕಂದಿನಲ್ಲಿ ನೀನು ಹೇಗಿದ್ದೆ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ. ಈಗ ಕೇಳುವವನೊಬ್ಬ ಸಿಕ್ಕಿದ್ದ. ಹೇಳಿದಷ್ಟೂ ಬೊಮ್ಮಯ್ಯನ ಎದೆ ಹಗುರಾಗುತ್ತಿತ್ತು.

ಮುಂದೆ ಒಂದು ಛತ್ರದ ಬಳಿ ಬೊಮ್ಮಯ್ಯನ ಕಾಲು ಉಳುಕಿತು. ಜೊತೆಗಾರ ತಾನೇ ಎಣ್ಣೆ ತಂದು ತಿಕ್ಕಿ, ಎರಡು ದಿನ ಮಲಗಿರು ಎಂದು ಹೇಳಿ, ತನಗೆ ಅವಸರವಿದೆ ಎಂದು ಮುಂದೆ ಹೋದ.

ಕುಂಟುತ್ತಲೇ ಬೊಮ್ಮಯ್ಯ ನೇಕಾರರ ಕೇರಿಗೆ ಬಂದ. ಮನೆ ಕೇಳಿಕೊಂಡು ಹೋಗಿ ಬಾಗಿಲಲ್ಲಿ ನಿಂತ. ಬಾಗಿಲು ತೆರೆದವಳ ಮುಖ ನೋಡುತ್ತಲೇ ಅವನ ಕಣ್ಣು ತುಂಬಿತು. ಅವಳಲ್ಲಿ ಅವನಿಗೆ ತಾಯಿಯೇ ಕಂಡಳು.

"ಅಕ್ಕಾ, ನಾನು ನಿನ್ನ ಗುಬ್ಬಿ," ಎಂದ.

ಹೊನ್ನವ್ವ ಬಾಗಿಲನ್ನು ಅರ್ಧ ಮುಚ್ಚಿದಳು. ಬೊಮ್ಮಯ್ಯ ತಾಯಿಯ ಹೆಸರು ಹೇಳಿದ. ಹಸುವಿನ ಹೆಸರು ಹೇಳಿದ. ಹುಣಸೆಮರವನ್ನೂ ಸೆರಗನ್ನೂ ಹೇಳಿದ. ಒಂದೊಂದು ಮಾತಿಗೂ ಬಾಗಿಲು ಇನ್ನಷ್ಟು ಮುಚ್ಚಿತು.

"ಇದನ್ನೆಲ್ಲ ನನ್ನ ತಮ್ಮ ಬಂದು ಹೇಳಿ ಆಗಿದೆಯಪ್ಪ," ಎಂದಳು ಅವಳು ಬಾಗಿಲ ಸಂದಿನಿಂದ. "ದಾರಿಯಲ್ಲಿ ಒಬ್ಬನ ಹತ್ತಿರ ಬಾಯಿಬಿಟ್ಟೆ, ಅವನು ತಾನೇ ನಿನ್ನ ತಮ್ಮ ಎಂದು ಹೇಳಿಕೊಂಡು ಬಂದರೂ ಬಂದಾನು ಎಂದೂ ಹೇಳಿದ. ಅವ್ವ ನನ್ನ ಉಡಿಗೆ ಕಟ್ಟಿದ್ದ ಒಡವೆಯನ್ನು ಅವನ ಮದುವೆಗೆಂದು ಇಷ್ಟು ವರ್ಷ ಕಾಪಾಡಿದ್ದೆ. ಕೊಟ್ಟು ಕಳಿಸಿದೆ. ಮದುಮಗಳನ್ನು ಕರೆದುಕೊಂಡು ಪಂಚಮಿಗೆ ಬರುತ್ತಾನೆ. ಅವನು ಹೇಳದೆ ಇದ್ದದ್ದು ನಿನ್ನ ಹತ್ತಿರ ಏನಾದರೂ ಇದ್ದರೆ ಹೇಳು."

ಬೊಮ್ಮಯ್ಯ ನಿಂತಲ್ಲೇ ನೆನಪಿಗೆ ಕೈಹಾಕಿದ. ಅವನ ಬಾಲ್ಯವೇ ಚಿಕ್ಕದು. ಅದರಲ್ಲಿ ಇದ್ದದ್ದನ್ನೆಲ್ಲ ದಾರಿಯುದ್ದಕ್ಕೂ ಅವನೇ ಬರಿದು ಮಾಡಿದ್ದ. ಹೇಳದೆ ಉಳಿದದ್ದು ಒಂದೂ ಸಿಗಲಿಲ್ಲ.

ಆದರೂ ಅವನು ಕಡಲಿಗೆ ಹಿಂತಿರುಗಲಿಲ್ಲ. ಅದೇ ಕೇರಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಬಳಿ ಕೂಲಿಗೆ ನಿಂತ.

ಪಂಚಮಿ ಬಂತು. ಒಡವೆ ಒಯ್ದವನು ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ತಾನು ಮೋಸಹೋದೆ ಎಂಬುದು ಹೊನ್ನವ್ವನಿಗೆ ಅರಿವಾಯಿತು. ಕೇರಿಯವರು, ಹಾಗಾದರೆ ಬಣ್ಣದವರ ಮನೆಯಲ್ಲಿರುವವನೇ ನಿನ್ನ ತಮ್ಮ, ಕರೆದುಕೊಂಡು ಬಾ ಎಂದರು. ಅವಳು, ಮೊದಲು ಬಂದವನು ಕಳ್ಳನೆಂದ ಮಾತ್ರಕ್ಕೆ ಆಮೇಲೆ ಬಂದವನು ತಮ್ಮನಾದಾನೇ, ಇಬ್ಬರ ಬಾಯಲ್ಲೂ ಒಂದೇ ಮಾತು ಕೇಳಿದೆನಲ್ಲ, ಅವನಂತೆ ಇವನೂ ಯಾರಿಂದಲೋ ಕೇಳಿ ಬಂದಿರಬಹುದು ಎಂದಳು. ಆದರೂ ಅವಳಿಗೆ ಸುಮ್ಮನಿರಲಾಗಲಿಲ್ಲ. ಹಬ್ಬ ಹುಣ್ಣಿಮೆಗೆ ಅವನನ್ನು ಕರೆದು ಜಗಲಿಯ ಮೇಲೆ ಎಲೆ ಹಾಕುತ್ತಿದ್ದಳು. ಉಣ್ಣುವವನನ್ನು ದೂರದಿಂದ ನೋಡುತ್ತಿದ್ದಳು. ತಮ್ಮಾ ಎಂದು ಒಮ್ಮೆಯೂ ಕರೆಯಲಿಲ್ಲ.

ಮರುವರ್ಷದ ಪಂಚಮಿಯ ದಿನ ಕೇರಿಯ ಹೆಂಗಸರು ತಮ್ಮ ತಮ್ಮ ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಚ್ಚುತ್ತಿದ್ದರು. ಹೊನ್ನವ್ವನೂ ಹಾಲಿನ ಬಟ್ಟಲು ಹಿಡಿದು ಜಗಲಿಗೆ ಬಂದಳು. ಬೊಮ್ಮಯ್ಯ ಅಂಗಿ ತೆಗೆದು ಬೆನ್ನು ಬಾಗಿಸಿ ಕುಳಿತ. ಅವಳು ಹಾಲಿನಲ್ಲಿ ಬೆರಳು ಅದ್ದಿದಳು. ಕೈ ಮುಂದೆ ಬಂದು ಅವನ ಬೆನ್ನಿನ ಹತ್ತಿರ ನಿಂತಿತು. ಬಹಳ ಹೊತ್ತು ಹಾಗೆಯೇ ನಿಂತಿತ್ತು. ಕೊನೆಗೆ ಅವಳು ಬಟ್ಟಲನ್ನು ಅವನ ಪಕ್ಕದಲ್ಲಿಟ್ಟು ಅಳುತ್ತಾ ಒಳಗೆ ಹೋದಳು. ಬೊಮ್ಮಯ್ಯ ತಿರುಗಿ ನೋಡಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಆ ಜೊತೆಗಾರನನ್ನು ಹಿಡಿದು ತಂದಿದ್ದರೆ ಎಲ್ಲವೂ ಇತ್ಯರ್ಥವಾಗುತ್ತಿತ್ತಲ್ಲ, ಗುರುಗಳೇ! ಅವನ ಹೆಸರೇನು? ಯಾವ ಊರಿನವನು?"

"ಅದನ್ನು ಬೊಮ್ಮಯ್ಯ ಕೇಳಿಯೇ ಇರಲಿಲ್ಲ," ಎಂದರು ಗುರುಗಳು.