ಚೆಲುವ ಕೊಟ್ಟ ಅರ್ತಿಂಗು

ಹೊನ್ನಾಜಮ್ಮನಿಗೆ ದೇವರು ಒಬ್ಬ ಮಗನ್ನ ಕೊಟ್ಟ, ಬುದ್ಧಿ ಕೊಡೋದು ಮರೆತ. ಹೆಸರು ಚೆಲುವ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ಅವಳ ಕರ್ಮ!

ಅವರದು ತಾತನ ಕಾಲದ ಮನೆ, ವೈರೂ ತಾತನ ಕಾಲದ್ದೇ. ಗೋಡೆ ಮುಟ್ಟಿದರೆ ಶಾಕು, ಗ್ರೈಂಡರ್ ಹಾಕಿದರೆ ಫ್ಯೂಸು ಢಂ! ಮಗಳು ಸುಗುಣಳಿಗೆ ಗಂಡು ಕೂಸಾಗಿತ್ತು. ಬೀಗಿತ್ತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಶಾಕ್ ಹೊಡೆಯೋ ಮನೆಗೆ ಬಾಣಂತೀನ ಕಳಿಸಲ್ಲ! ವೈರಿಂಗ್ ಹೊಸದು ಮಾಡಿಸಿ. ಶುಕ್ರವಾರ ನಾನೇ ಬಂದು ನೋಡ್ತೀನಿ." ಮೊಮ್ಮಗನ್ನ ಇನ್ನೂ ಎತ್ತಿ ಆಡಿಸಿರದ ಹೊನ್ನಾಜಮ್ಮನಿಗೆ ಕೂತಲ್ಲಿ ಕೂರೋಕಾಗಲ್ಲ, ನಿಂತಲ್ಲಿ ನಿಲ್ಲೋಕಾಗಲ್ಲ.

ಸೋಮವಾರ ವೈರಿಂಗ್ ಜವರಪ್ಪ ಬಂದ. "ಚೆಲುವಾ, ಹಳೇ ವೈರು ಒಂದೂ ಬಿಡಬೇಡ, ಕಿತ್ತುಹಾಕು!" ಅಂದಳು ಅವ್ವ. ಕಿತ್ತ. ಮನೇದು ಕಿತ್ತ, ಬಟ್ಟೆ ಒಣಹಾಕೋ ತಂತಿ ಕಿತ್ತ, ಪಕ್ಕದ್ಮನೆ ಟೀವಿ ವೈರೂ ಕಿತ್ತ! ಪಕ್ಕದ್ಮನೆಯವಳು ಪೊರಕೆ ಹಿಡ್ಕೊಂಡೇ ಬಂದಳು.

"ಅಯ್ಯೋ ಮುಂಡೇದೇ! ಕರೆಂಟು ಹೊಡೆದಿದ್ರೆ? ಟೆಸ್ಟರ್ ಇಟ್ಟು ನೋಡದೆ ಇನ್ನು ಏನನ್ನೂ ಮುಟ್ಟಬೇಡ!" ಅಂತ ಅವ್ವ ಬೈದಳು.

"ಆಯ್ತವ್ವ!"

ಬುಧವಾರ ಹೊಸ ಮೀಟರ್ ಹಾಕೋಕೆ ಕರೆಂಟ್ ಆಫೀಸಿನವರು ಬಂದರು. ಹೊಸ್ತಿಲು ಎಡವಿ, "ಏ, ಹಿಡ್ಕೊಳ್ಳೋ!" ಅಂದರು. ಹಾಗೇ ಹಿಡ್ಕೊಳ್ಳೋಕಾಗುತ್ಯೆ? ಚೆಲುವ ಟೆಸ್ಟರ್ ತೆಗೆದು ಅವರ ಮೂಗಿಗಿಟ್ಟ. ಅಷ್ಟರಲ್ಲಿ ದಬ್!

"ಅವ್ವಾ, ಇವರಲ್ಲಿ ಕರೆಂಟಿಲ್ಲ! ಈಗ ಮುಟ್ಟಬಹುದು!"

ಕೈಕಾಲು ಹಿಡಿದು ಮೀಟರ್ ಹಾಕಿಸಿಕೊಂಡು ಹೊನ್ನಾಜಮ್ಮ ತಲೆ ಚಚ್ಚಿಕೊಂಡಳು. "ದಡ್ಡ ಶಿಖಾಮಣಿ! ಮನೆಗೆ ಬಂದವರಿಗೆ ಕುರ್ಚಿ ಹಾಕಿ, ಕಾಲಿಗೆ ನೀರು ಕೊಡಬೇಕು!"

"ಆಯ್ತವ್ವ!"

ಗುರುವಾರ ಜವರಪ್ಪ ಹಿತ್ತಲಲ್ಲಿ ಗುಂಡಿ ತೋಡಿ ಪೈಪು ನಿಲ್ಲಿಸಿದ. "ಇದು ಅರ್ತಿಂಗು ಕಣೋ. ಉಪ್ಪು, ಇದ್ದಿಲು, ನೀರು ಹಾಕಿ ವೈರು ಬಿಗಿದರೆ ಶಾಕ್ ಹೊಡೆಯಲ್ಲ. ದಿನಾ ಒಂದು ಕೊಡ ನೀರು ಹೊಯ್ಯಿ. ಬಿಗಿದ ವೈರು ಮಾತ್ರ ಯಾವತ್ತೂ ಬಿಚ್ಚಬೇಡ!"

ಶುಕ್ರವಾರ ಸುಗುಣ, ಕೂಸಿನ ಜೊತೆ ಬೀಗಿತ್ತಿ ಬಂದೇ ಬಿಟ್ಟಳು. ಬೀಗಿತ್ತಿ ಗೋಡೆ ಮುಟ್ಟಿದಳು, ಸ್ವಿಚ್ಚು ಒತ್ತಿದಳು. ಶಾಕಿಲ್ಲ! "ಪರವಾಗಿಲ್ಲ, ಇರಲಿ ಮೂರು ತಿಂಗಳು" ಅಂತ ಕೂಸನ್ನ ಹೊನ್ನಾಜಮ್ಮನ ಮಡಿಲಿಗೆ ಹಾಕಿದಳು. ಹೊನ್ನಾಜಮ್ಮ ಅತ್ತೇಬಿಟ್ಟಳು. ಆದರೂ ಮಗನ ಕಿವೀಲಿ, "ಬೀಗಿತ್ತಿಗೆ ಒಂಚೂರು ಶಾಕ್ ತಗಲಿದ್ರೂ ಕೂಸು ವಾಪಸ್ಸು, ಹುಷಾರು!" ಅಂದಳು.

"ಆಯ್ತವ್ವ!"

ಚೆಲುವ ಹಿತ್ತಲ ಜಗಲೀಲಿ ಬೀಗಿತ್ತಿಗೆ ಕುರ್ಚಿ ಹಾಕಿದ, ಬೇಸಿನ್ನಲ್ಲಿ ಕಾಲಿಗೆ ನೀರು ಕೊಟ್ಟ. "ಆಹಾ, ಏನು ಮರ್ಯಾದೆ!" ಅಂತ ಅವಳು ಹಿಗ್ಗಿ, ಕಾಲು ನೀರಲ್ಲಿಟ್ಟು ಕಣ್ಮುಚ್ಚಿದಳು. ಚೆಲುವ ಅದೇ ನೀರಿಗೆ ಉಪ್ಪು ಸುರಿದ. ಇದ್ದಿಲು ಸುರಿದ. ಕಾಲಿಗೆ ವೈರು ಸುತ್ತಿ, ಇನ್ನೊಂದು ತುದಿ ಪೈಪಿಗೆ ಹಾಕಿ, ಇಕ್ಕಳದಲ್ಲಿ ಬಿಗಿದ.

ಬೀಗಿತ್ತಿ ಕಣ್ಬಿಟ್ಟಳು. ಕಾಲು ಕಪ್ಪು, ಸೀರೆ ಕಪ್ಪು! "ಸುಗುಣಾ! ಎತ್ಕೋ ಕೂಸನ್ನ! ಈಗಲೇ ಹೊರಡು!" ಅಂತ ಎದ್ದಳು. ವೈರು ಜಗ್ಗಿತು. ದೊಪ್ಪನೆ ಕುರ್ಚಿಗೇ ಬಿದ್ದಳು.

"ಬಿಚ್ಚೋ ಇದನ್ನ!"

"ಯಾವತ್ತೂ ಬಿಚ್ಚಬಾರದಂತೆ ಅತ್ತೆಮ್ಮ!"

ಹೊನ್ನಾಜಮ್ಮ "ಬಿಚ್ಚೋ" ಅನ್ನೋಕೆ ಬಾಯಿ ತೆಗೆದಳು. ಮಡಿಲಲ್ಲಿ ಕೂಸು ಬೊಚ್ಚುಬಾಯಿ ಬಿಟ್ಟು ನಕ್ಕಿತು. ತೆಗೆದ ಬಾಯಿ ಮುಚ್ಚಿಕೊಂಡಳು.

"ಹೆದರಬೇಡಿ ಅತ್ತೆಮ್ಮ, ದಿನಾ ನೀರು ಹೊಯ್ತೀನಿ" ಅಂತ ಚೆಲುವ ಮೊದಲನೇ ಕೊಡ ಅವಳ ನೆತ್ತಿ ಮೇಲೆ ಹೊಯ್ದ.